ನುಡಿಸುವ ಕೈ

ಚರ್ಮವಾದ್ಯದ ಮಾತು ಬಂದಾಗ ಕನ್ನಡದಲ್ಲಿ ಮೂರು ಕ್ರಿಯಾಪದಗಳು ನಮ್ಮ ನಾಲಿಗೆಗೆ ಬರುತ್ತವೆ: ಬಡಿಯುವುದು, ಬಾರಿಸುವುದು, ನುಡಿಸುವುದು. ಹಲಗೆಯನ್ನು ಬಡಿಯುತ್ತಾರೆ, ನಗಾರಿಯನ್ನು ಬಾರಿಸುತ್ತಾರೆ, ಮೃದಂಗವನ್ನು ನುಡಿಸುತ್ತಾರೆ ಎಂದು ಹೇಳುವುದು ರೂಢಿ. ವಾದ್ಯ ಯಾರ ಕೈಯಲ್ಲಿದೆ ಎಂಬುದನ್ನು ನೋಡಿ ನಾವು ಪದವನ್ನು ಆರಿಸುತ್ತೇವೆಯೇ ಹೊರತು ಅದರ ನಾದವನ್ನು ಕೇಳಿ ಅಲ್ಲ. ಮೂವತ್ತು ವರ್ಷ ವ್ಯಾಕರಣವನ್ನು ಪಾಠ ಹೇಳಿದ ನಮಗೆ ಈ ಸಣ್ಣ ಸಂಗತಿ ಹೊಳೆದುದು ಅರವತ್ತೇಳನೆಯ ವಯಸ್ಸಿನಲ್ಲಿ, ಪಶ್ಚಿಮ ಆಫ್ರಿಕಾದ ಒಂದು ವಾದ್ಯದ ಮುಂದೆ ಕುಳಿತಾಗ. ಅದೂ ಒಂದು ತಪ್ಪು ಮಾಡಿದ ಮೇಲೆ. ಆ ತಪ್ಪನ್ನು ಓದುಗ ಬಾಂಧವರಲ್ಲಿ ಮುಚ್ಚುಮರೆಯಿಲ್ಲದೆ ಅರಿಕೆ ಮಾಡಿಕೊಳ್ಳಬೇಕೆಂದೇ ಈ ಬರಹಕ್ಕೆ ತೊಡಗಿದ್ದೇವೆ.

ಕಳೆದ ವರ್ಷದ ಮುಂಗಾರಿನಲ್ಲಿ ನಮ್ಮ ಎರಡೂ ಕಣ್ಣುಗಳ ಪೊರೆಯನ್ನು ಒಂದರ ನಂತರ ಒಂದರಂತೆ ತೆಗೆಸಬೇಕಾಯಿತು. ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿ ಒಂದೂವರೆ ತಿಂಗಳು ಇದ್ದೆವು. ಕೆಲವು ದಿನ ಪುಸ್ತಕ ಹಿಡಿಯಬಾರದೆಂದು ವೈದ್ಯರ ಕಟ್ಟಪ್ಪಣೆ. ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿ ಕಂದೀಲಿನ ಬೆಳಕಿನಲ್ಲಿ ಓದು ಕಲಿತಂದಿನಿಂದ ಓದಿಲ್ಲದೆ ಕಳೆದ ದಿನ ನಮಗೆ ನೆನಪಿಲ್ಲ. ಕಣ್ಣಿಗೆ ಕೆಲಸವಿಲ್ಲವಾದಾಗ ಕಿವಿ ಅತಿಯಾಗಿ ಎಚ್ಚರಗೊಳ್ಳುತ್ತದೆ. ಹೀಗಿರಲು ಒಂದು ಸಂಜೆ ಲಿಂಗಪೂಜೆಗೆ ಕುಳಿತಾಗ ಪಕ್ಕದ ಕೋಣೆಯಿಂದ ಧಪಧಪನೆ ಸದ್ದು ಬರತೊಡಗಿತು. ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ತನ್ನ ಗೆಳೆಯನಿಂದ ಪಡೆದು ತಂದಿದ್ದ ಜೆಂಬೆ ಎಂಬ ವಾದ್ಯದ ಸದ್ದು ಅದು. ಪೂಜೆ ಮುಗಿಸಿ ಎದ್ದು ನೋಡಿದರೆ, ದೊಡ್ಡದೊಂದು ಮರದ ಬಟ್ಟಲಿನಂತಹ ಆ ವಾದ್ಯವನ್ನು ಪೂಜಾಕೋಣೆಯ ಗೋಡೆಗೇ ಒರಗಿಸಿಟ್ಟಿದ್ದ. ಮೇಲೆ ಬಿಗಿದ ಆಡಿನ ಚರ್ಮದ ಅಂಚಿನಲ್ಲಿ ಕೂದಲು ಕೂಡ ಹಾಗೆಯೇ ಇತ್ತು.

ನಮ್ಮ ಬಾಯಿಂದ ಬಂದ ಮಾತು ಇದು: "ಅದೇನು ಬಡಿತ? ಆ ಚರ್ಮದ ಸಾಮಾನನ್ನು ಮೊದಲು ಹೊರಗಿಡು."

ಹುಡುಗ ಎದುರಾಡಲಿಲ್ಲ. ವಾದ್ಯವನ್ನೆತ್ತಿಕೊಂಡು ಹೋಗಿ ತಾರಸಿಯ ಮೇಲಿನ ತಗಡಿನ ಮಾಡಿನ ಕೆಳಗಿಟ್ಟು ಬಂದ. ಆ ರಾತ್ರಿ ಗಾಳಿಯೊಡನೆ ಮಳೆ ಬಂದು ಎರಚಲು ಹೊಡೆಯಿತು. ಒದ್ದೆಯಾಗಿ ಸಡಿಲಗೊಂಡಿದ್ದ ಚರ್ಮ ಮರುದಿನದ ಬಿಸಿಲಿಗೆ ಒಮ್ಮೆಲೆ ಬಿಗಿದು, ಅಂಚಿನಲ್ಲಿ ನಾಲ್ಕು ಬೆರಳಿನಷ್ಟು ಸೀಳಿತು. ಮಗಳು ಬಂದು ಹೇಳಿದಾಗ ನಮಗೆ ಕಸಿವಿಸಿಯಾಯಿತು. ಹೊಸ ಚರ್ಮಕ್ಕೆ ಎಷ್ಟಾದರೂ ಆಗಲಿ, ದುಡ್ಡು ಕೊಡುವೆವೆಂದು ಮೊಮ್ಮಗನನ್ನು ಕರೆದು ಹೇಳಿದೆವು. ಅವನು ನೆಲ ನೋಡುತ್ತ ನಿಂತು ಕೇಳಿದ: "ದುಡ್ಡಿನ ಮಾತಲ್ಲ ಅಜ್ಜಾ. ಮಠದಾಗ ವಚನ ಹಾಡೋವಾಗ ನಿಮ್ಮ ಬಾಜೂಕ ಇರ್ತದಲ್ಲ, ಆ ತಬಲಾಕ್ಕ ಏನು ಹಾಕಿರ್ತಾರ?"

ಆಡಿನ ಚರ್ಮವನ್ನೇ ಹಾಕಿರುತ್ತಾರೆ. ಅದು ನಮಗೆ ಗೊತ್ತಿಲ್ಲದ ವಿಷಯವೇನಲ್ಲ. ಮೂರು ದಶಕಗಳ ಕಾಲ ಗದ್ದುಗೆಯ ಮುಂದೆ, ತಬಲದ ಮಗ್ಗುಲಲ್ಲಿ ಕುಳಿತು ವಚನಗಳ ಅರ್ಥ ಹೇಳಿದ್ದೇವೆ. ಡೋಹರ ಕಕ್ಕಯ್ಯನವರ ಮೇಲೆ, ಹರಳಯ್ಯನವರ ಮೇಲೆ, ಢಕ್ಕೆಯನ್ನು ನುಡಿಸಿದ ಬೊಮ್ಮಣ್ಣನವರ ಮೇಲೆ ಎಷ್ಟು ಉಪನ್ಯಾಸಗಳನ್ನು ಕೊಟ್ಟಿದ್ದೇವೆಂಬ ಲೆಕ್ಕ ನಮಗೇ ಇಲ್ಲ. ಚರ್ಮ ಹದ ಮಾಡಿದವರನ್ನೂ ಚಮ್ಮಾವುಗೆ ಹೊಲಿದವರನ್ನೂ ಮಾತಿನಲ್ಲಿ ತಲೆಯ ಮೇಲಿಟ್ಟುಕೊಂಡ ನಾವು, ಚರ್ಮವನ್ನು ಮಾತ್ರ ಮನೆಯ ಹೊರಗಿಡಿಸಿದೆವು. ಅಂದು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಬಾಲ್ಯದ ಮಠದಲ್ಲಿ ಜಾತ್ರೆಯ ದಿನ ಅಂಗಳದ ಮೂಲೆಯಲ್ಲಿ ಹುಲ್ಲಿನ ಬೆಂಕಿ ಮಾಡಿ ಹಲಗೆಯನ್ನು ಕಾಯಿಸುತ್ತಿದ್ದ ಮುದುಕನೊಬ್ಬ ನೆನಪಿಗೆ ಬಂದ. ತೇರು ಅವನ ಹಲಗೆಯ ಗತ್ತಿಗೆ ಹೊರಡುತ್ತಿತ್ತು. ಅವನ ಪ್ರಸಾದದ ಸರದಿ ಮಾತ್ರ ಕಡೆಯಲ್ಲಿ ಬರುತ್ತಿತ್ತು. ಅವನ ಹೆಸರೇನೆಂದು ನಾವು ಎಂದೂ ಕೇಳಿರಲಿಲ್ಲ.

ನಾಲ್ಕು ದಿನಗಳ ಮೇಲೆ ಮೊಮ್ಮಗನ ಗೆಳೆಯ ಮನೆಗೆ ಬಂದ. ಪಶ್ಚಿಮ ಆಫ್ರಿಕಾದ ಗಿನಿ ದೇಶದವನು, ಬೆಂಗಳೂರಿಗೆ ಓದಲು ಬಂದವನು. ಅವನ ಊರು ನೈಜರ್ ನದಿಯ ಮೇಲ್ಭಾಗದ ಕುರೂಸಾ ಸೀಮೆಯಲ್ಲಿ. ಅಲ್ಲಿಯ ಮಲಿಂಕೆ ಜನ ಆ ನದಿಯನ್ನು ಜೋಲಿಬಾ ಎನ್ನುತ್ತಾರೆ. ಆಫ್ರಿಕಾದ ವಾದ್ಯವೆಂದೊಡನೆ ನಮಗೆ ಉತ್ತರ ಕನ್ನಡದ ಸಿದ್ದಿ ಬಾಂಧವರೂ ಅವರ ಡಮಾಮಿಯೂ ನೆನಪಾದವು. ಆದರೆ ಸಿದ್ದಿಗಳ ಪೂರ್ವಜರು ಬಹುಮಟ್ಟಿಗೆ ಪೂರ್ವ ಆಫ್ರಿಕಾದಿಂದ ಬಂದವರು. ಜೆಂಬೆ ಆ ಖಂಡದ ಮತ್ತೊಂದು ಅಂಚಿನದು. ಹದಿಮೂರನೆಯ ಶತಮಾನದಲ್ಲಿ ಸುಂದ್ಯಾತಾ ಕೇತಾ ಎಂಬ ಅರಸನು ಕಟ್ಟಿದ ಮಾಲಿ ಸಾಮ್ರಾಜ್ಯದ ನೆಲ, ಅಂದರೆ ಇಂದಿನ ಗಿನಿ ಮತ್ತು ಮಾಲಿ ದೇಶಗಳ ಮಂದೆ ಜನರ ನಾಡು, ಇದರ ತವರು. ತರುಣನ ಇಂಗ್ಲಿಷು ಫ್ರೆಂಚಿನ ಧಾಟಿಯದು, ನಮ್ಮದು ಧಾರವಾಡದ ಧಾಟಿಯದು. ನಡುವೆ ಮೊಮ್ಮಗ ದುಭಾಷಿಯಾದ. ಗೆಳೆಯನನ್ನು ನೋಡಿ ಆ ತರುಣನೂ ನಮ್ಮನ್ನು "ಅಜ್ಜಾ" ಎಂದೇ ಕರೆಯತೊಡಗಿದ.

ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ನಾವೂ ತಾರಸಿಗೆ ಹೋಗಿ ಕುಳಿತೆವು. ಹರಿದ ಚರ್ಮವನ್ನು ಬಿಚ್ಚಿದ ಮೇಲೆ ವಾದ್ಯದ ಒಡಲು ಕಾಣಿಸಿತು. ಅದು ಜೋಡಿಸಿದ ಹಲಗೆಗಳದಲ್ಲ, ಒಂದೇ ಮರದ ಕಾಂಡವನ್ನು ಕೊರೆದದ್ದು. ಮೇಲೆ ಅಗಲವಾದ ಬಟ್ಟಲು, ನಡುವೆ ಕಿರಿದಾದ ಕೊರಳು, ಕೆಳಗೆ ತುಸು ಅಗಲವಾಗುತ್ತ ಹೋಗಿ ತೆರೆದುಕೊಂಡ ಕೊಳವೆ. ಎತ್ತರ ಸುಮಾರು ೬೦ ಸೆಂಟಿಮೀಟರು. ಇಂತಹ ವಾದ್ಯಗಳ ಮುಖದ ಅಗಲ ಸಾಮಾನ್ಯವಾಗಿ ೩೦ರಿಂದ ೩೮ ಸೆಂಟಿಮೀಟರು, ತೂಕ ಹೆಚ್ಚುಕಡಿಮೆ ಒಂಬತ್ತು ಕಿಲೋ. ಒಳಮೈಯಲ್ಲಿ ಕೈಯಾಡಿಸಿದರೆ ಬಾಚಿಯ ಗೀರುಗಳು ಬೆರಳಿಗೆ ಸಿಕ್ಕುತ್ತಿದ್ದವು.

ಮರ ಯಾವುದೆಂದು ಕೇಳಿದೆವು. ಲೆಂಕೆ, ಜಲಾ, ಗ್ವೇನಿ ಮೊದಲಾದ ಗಟ್ಟಿ ಮರಗಳನ್ನು ಬಳಸುತ್ತಾರೆಂದೂ ಇದು ಗ್ವೇನಿಯದೆಂದೂ ತರುಣ ಹೇಳಿದ. ಮೊಮ್ಮಗ ತನ್ನ ಮೊಬೈಲಿನಲ್ಲಿ ಹುಡುಕಿ ಓದಿದಾಗ ಒಂದು ಸೋಜಿಗ ತಿಳಿಯಿತು. ಗ್ವೇನಿಯೂ ನಮ್ಮ ಹೊನ್ನೆಯೂ ಸಸ್ಯಶಾಸ್ತ್ರದಲ್ಲಿ ಟೆರೊಕಾರ್ಪಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಮಧುಮೇಹವಿರುವವರು ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುವ ಲೋಟವನ್ನು ಮಾಡುವರಲ್ಲ, ಅದೇ ಹೊನ್ನೆ. ಗಾಯವಾದರೆ ಎರಡು ಮರಗಳೂ ಕೆಂಪು ರಸವನ್ನೇ ಒಸರುತ್ತವೆ. ಪೀಠೋಪಕರಣಗಳ ವ್ಯಾಪಾರಕ್ಕಾಗಿ ಗ್ವೇನಿಯನ್ನು ಮಿತಿಮೀರಿ ಕಡಿದುದರಿಂದ ೨೦೧೭ರಿಂದ ಅದರ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೊಳಪಟ್ಟಿದೆ.

ಈ ಮರವನ್ನು ಕೊರೆಯುವವರು ಸಂಪ್ರದಾಯದಲ್ಲಿ ಬಡಗಿಗಳಲ್ಲ, ನೂಮು ಎಂಬ ಕಮ್ಮಾರ ಮನೆತನದವರು. ಕಬ್ಬಿಣದ ಆಯುಧ ಯಾರ ಕೈಯಲ್ಲಿತ್ತೋ ಮರದ ಕೆಲಸವೂ ಅವರದಾಯಿತು. ತರುಣನ ಅಜ್ಜನೂ ಕಮ್ಮಾರನೇ. ಮರ ಕಡಿಯುವ ಮುನ್ನ ಆತ ಅದರ ಬುಡದಲ್ಲಿ ಕೋಲಾ ಕಾಯಿಗಳನ್ನಿಟ್ಟು ಅಪ್ಪಣೆ ಬೇಡುತ್ತಿದ್ದನಂತೆ. ಆಡನ್ನು ಈ ವಾದ್ಯಕ್ಕಾಗಿ ಕೊಲ್ಲುವರೇ ಎಂದು ನಾವು ಕೇಳಿದೆವು. ನಮ್ಮ ಮನೆತನಗಳಲ್ಲಿ ಈ ಪ್ರಶ್ನೆ ಸಹಜವಷ್ಟೆ. ಹಬ್ಬದೂಟಕ್ಕೆ ಕಡಿದ ಆಡಿನ ಚರ್ಮವನ್ನು ತಮ್ಮೂರಿನಲ್ಲಿ ಎಸೆಯುವುದಿಲ್ಲ, ಅದರಿಂದ ಊರಿಗೆ ದನಿ ಕೊಡುತ್ತಾರೆ ಎಂದು ಅವನು ಉತ್ತರಿಸಿದ. ಅವರ ಊಟ ನಮ್ಮ ಊಟವಲ್ಲ. ಆದರೂ ಮೃದಂಗ, ತಬಲ, ಡೊಳ್ಳುಗಳ ನಾದಕ್ಕೆ ತಲೆದೂಗುವ ನಾವು ಅವನನ್ನು ಮತ್ತೆ ಪ್ರಶ್ನಿಸುವ ಅಧಿಕಾರವನ್ನು ಕಳೆದುಕೊಂಡಿದ್ದೆವು.

ಚರ್ಮ ಕಟ್ಟುವುದು ಒಂದು ದಿನದ ಕೆಲಸವಲ್ಲ. ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ನೆನೆಹಾಕಿದ್ದ ಒಣ ಚರ್ಮ ಒದ್ದೆ ಬಟ್ಟೆಯಂತೆ ಮೆತ್ತಗಾಗಿತ್ತು. ಅದನ್ನು ಬಟ್ಟಲಿನ ಬಾಯಿಗೆ ಹೊದಿಸಿ, ಕಬ್ಬಿಣದ ಬಳೆಯೊಂದನ್ನು ಚರ್ಮದಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಬಳೆಯನ್ನು ಕೂರಿಸಿದರು. ಕೊರಳಿನಲ್ಲಿ ಮೂರನೆಯ ಬಳೆ. ಮೇಲಿನ ಬಳೆಗೂ ಕೊರಳಿನ ಬಳೆಗೂ ನಡುವೆ ಹಗ್ಗವನ್ನು ಮೇಲೆ ಕೆಳಗೆ ಓಡಿಸಿ ಸುತ್ತಲೂ ಎಳೆದರು. ತರುಣ ವಾದ್ಯಕ್ಕೆ ಎರಡೂ ಪಾದಗಳನ್ನು ಒತ್ತಿ, ಹಗ್ಗವನ್ನು ಕೋಲೊಂದಕ್ಕೆ ಸುತ್ತಿ ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಜಗ್ಗುತ್ತಿದ್ದ. ಒಂದು ಹಂತದಲ್ಲಿ ಚರ್ಮ ಒಂದು ಪಕ್ಕಕ್ಕೆ ಸರಿಯಿತು. ಮೊಮ್ಮಗನ ಎರಡೂ ಕೈಗಳು ಹಗ್ಗದಲ್ಲಿದ್ದವು. "ಅಜ್ಜಾ, ಸ್ವಲ್ಪ ಹಿಡೀರಿ" ಎಂದ. ನಾವು ಕೈಯಿಟ್ಟೆವು. ಒದ್ದೆಯಾದ, ತಣ್ಣಗಿನ, ಕೂದಲು ತುಂಬಿದ ಹಸಿ ಚರ್ಮ. ಅರವತ್ತೇಳು ವರ್ಷಗಳಲ್ಲಿ ನಮ್ಮ ಕೈ ಅಂತಹುದನ್ನು ಮುಟ್ಟಿದ್ದು ಅದೇ ಮೊದಲು. ಅವರು ಗಂಟು ಹಾಕಿ ಮುಗಿಸುವವರೆಗೆ ಬಿಡಲಿಲ್ಲ.

ಮುಂದಿನ ಕೆಲವು ದಿನ ಚರ್ಮ ನೆರಳಿನಲ್ಲಿ ಒಣಗಿತು. ಮುಖದ ಕೂದಲನ್ನು ಬ್ಲೇಡಿನಿಂದ ಹೆರೆದು ತೆಗೆದು, ಮತ್ತೊಮ್ಮೆ ಹಗ್ಗವನ್ನು ಜಗ್ಗಿದರು. ಕಡೆಗೆ ನೆಟ್ಟನೆಯ ಹಗ್ಗಗಳನ್ನು ಅಡ್ಡಲಾಗಿ ಒಂದರೊಳಗೊಂದು ಹೆಣೆದು, ವಜ್ರಾಕಾರದ ಗಂಟುಗಳ ಸಾಲನ್ನು ಕಟ್ಟಿದರು. ಒಂದೊಂದು ಗಂಟಿಗೂ ಶ್ರುತಿ ಏರುತ್ತದೆ. ಈ ಕಬ್ಬಿಣದ ಬಳೆಗಳೂ ನೈಲಾನಿನ ಜಾತಿಯ ಹಗ್ಗಗಳೂ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದವು. ಅದಕ್ಕೆ ಮೊದಲು ಚರ್ಮದ ಪಟ್ಟಿಗಳಿಂದಲೋ ಮರದ ಗೂಟಗಳಿಂದಲೋ ಬಿಗಿದು, ನುಡಿಸುವ ಮುನ್ನ ಬೆಂಕಿಗೆ ಹಿಡಿದು ಕಾಯಿಸುತ್ತಿದ್ದರಂತೆ. ಈ ಮಾತನ್ನು ಕೇಳಿದಾಗ ಮಠದ ಅಂಗಳದ ಹುಲ್ಲಿನ ಬೆಂಕಿ ಮತ್ತೆ ನಮ್ಮ ಕಣ್ಣ ಮುಂದೆ ಬಂದಿತು.

ವಾದ್ಯ ಸಿದ್ಧವಾದ ದಿನ ತರುಣ ಅದನ್ನು ಎರಡು ಮೊಣಕಾಲುಗಳ ನಡುವೆ ಮುಂದಕ್ಕೆ ತುಸು ಬಾಗಿಸಿ ಹಿಡಿದು ಕುಳಿತ. ಕೆಳಗಿನ ಬಾಯಿ ನೆಲಕ್ಕೆ ಮುಚ್ಚಿಕೊಂಡರೆ ದನಿ ಹೊರಬರಲಾರದು, ಆದುದರಿಂದ ಹೀಗೆ ಬಾಗಿಸುತ್ತಾರೆ. ಇದರಲ್ಲಿ ಕೋಲಿಲ್ಲ, ಬರಿಯ ಅಂಗೈ. ಮೂಲ ಪೆಟ್ಟುಗಳು ಮೂರೇ. ಇಡೀ ಅಂಗೈಯನ್ನು ಚರ್ಮದ ನಡುಭಾಗಕ್ಕೆ ಬಿಟ್ಟು ಎತ್ತಿದರೆ ಬಟ್ಟಲಿನೊಳಗಿನ ಗಾಳಿಯೇ ಮಿಡಿದು ಆಳವಾದ ಮಂದ್ರಧ್ವನಿ ಹೊರಡುತ್ತದೆ. ಅದರ ಕಂಪನ ಸೆಕೆಂಡಿಗೆ ಸುಮಾರು ೬೫ರಿಂದ ೮೦. ಬೆರಳುಗಳನ್ನು ಕೂಡಿಸಿ, ಅಂಗೈಯ ಮೇಲ್ಗಡೆಯ ಗಿಣ್ಣುಗಳು ಅಂಚಿಗೆ ತಾಗುವಂತೆ ಚಪ್ಪಟೆಯಾಗಿ ಇಳಿಸಿದರೆ ದುಂಡಗಿನ ಮಧ್ಯಮ ಧ್ವನಿ, ಸುಮಾರು ೩೦೦ರಿಂದ ೪೨೦. ಹೆಚ್ಚುಕಡಿಮೆ ಅದೇ ಜಾಗದಲ್ಲಿ ಬೆರಳುಗಳನ್ನು ಸಡಿಲ ಬಿಟ್ಟು, ತುದಿಗಳು ಚಾವಟಿಯಂತೆ ತಾಗಿದರೆ ಚಟೀರೆನ್ನುವ ತಾರಧ್ವನಿ, ಅದು ೭೦೦ರಿಂದ ೧೦೦೦ದವರೆಗೆ. ಎರಡನೆಯದಕ್ಕೂ ಮೂರನೆಯದಕ್ಕೂ ಕೈಯ ಅಂತರ ಕೂದಲೆಳೆಯಷ್ಟು. ಅದು ಕೈಗೂಡಲು ವರ್ಷಗಳು ಬೇಕು.

ನಮ್ಮನ್ನೂ ಕೂರಿಸಿದರು. ಬಲವಾಗಿ ಹೊಡೆದೆವು. ಅಂಗೈ ಉರಿಯಿತು, ಸದ್ದು ಮಾತ್ರ ಗೋಣಿಚೀಲಕ್ಕೆ ಗುದ್ದಿದಂತೆ ಮಂಕಾಗಿ ಬಂದಿತು. ತರುಣ ನಕ್ಕು ಏನೋ ಹೇಳಿದ. ಮೊಮ್ಮಗ ಸಂಕೋಚದಿಂದಲೇ ಅದನ್ನು ಕನ್ನಡಕ್ಕಿಳಿಸಿದ: "ಪೆಟ್ಟು ಕೊಟ್ಟ ಮ್ಯಾಲೂ ನೀವು ಕೈ ಅಲ್ಲೇ ಇಡ್ತೀರಿ ಅಜ್ಜಾ. ಅದರ ಬಾಯಿ ಮುಚ್ಚಿದಂಗ ಆಗ್ತದ. ಕೊಟ್ಟು ಬಿಡ್ರಿ, ಅದು ಮಾತಾಡ್ತದ." ಹೌದು, ಕೈ ಇಳಿದ ಕ್ಷಣವೇ ಏಳಬೇಕು. ಎದ್ದರೆ ಮಾತ್ರ ಚರ್ಮ ಮಿಡಿಯುತ್ತದೆ. ಶಿಷ್ಯರ ಮೇಲೂ ಮನೆಯವರ ಮೇಲೂ ಮಾತಿನ ಪೆಟ್ಟನ್ನಿಟ್ಟು, ಕೈಯನ್ನು ಅಲ್ಲಿಯೇ ಒತ್ತಿಹಿಡಿಯುವುದು ನಮ್ಮ ಹಳೆಯ ಚಾಳಿ. ಹುಡುಗನಿಗೆ ಆ ಸಂಜೆ ಹೇಳಿದ ಮಾತೂ ಅಂತಹುದೇ.

ಈ ವಾದ್ಯ ಒಂಟಿಯಾಗಿ ಬಾಳುವಂತಹುದಲ್ಲ. ತರುಣನ ಸೀಮೆಯಲ್ಲಿ ಎರಡು ಮೂರು ಜೆಂಬೆಗಳ ಜೊತೆಗೆ ಹಸುವಿನ ಚರ್ಮ ಬಿಗಿದ ಮೂರು ಉರುಳೆ ವಾದ್ಯಗಳಿರುತ್ತವೆ. ದೊಡ್ಡದು ದುನುಂಬಾ, ನಡುವಿನದು ಸಾಂಗ್ಬಾನ್, ಚಿಕ್ಕದು ಕೆಂಕೆನಿ. ಅವನ್ನು ನುಡಿಸುವವರು ಒಂದು ಕೈಯ ಕೋಲಿನಿಂದ ಚರ್ಮವನ್ನೂ ಇನ್ನೊಂದು ಕೈಯಿಂದ ಗಂಟೆಯನ್ನೂ ನುಡಿಸುತ್ತ ಒಂದೇ ಸಮನೆ ಒಂದೇ ವರಸೆಯನ್ನು ಸುತ್ತುತ್ತಾರೆ. ಉಳಿದ ಜೆಂಬೆಗಳದೂ ಹಾಗೆಯೇ ಬದಲಾಗದ ವರಸೆ. ಮುಖ್ಯ ಜೆಂಬೆಯವನು ಮಾತ್ರ ಆ ನೆಯ್ಗೆಯ ಮೇಲೆ ತನ್ನ ಕಸೂತಿಯನ್ನು ಹಾಕುತ್ತಾನೆ. ಆರಂಭಕ್ಕೂ ಮುಕ್ತಾಯಕ್ಕೂ ಸಂಜ್ಞೆ ಕೊಡುವವನು ಅವನೇ. ಹಾಗೆಂದು ಅವನು ಒಡೆಯನಲ್ಲ. ಅವನ ಕಣ್ಣು ಕುಣಿಯುವವರ ಪಾದಗಳ ಮೇಲಿರುತ್ತದೆ, ಕಿವಿ ಸಾಂಗ್ಬಾನಿನ ಮೇಲಿರುತ್ತದೆ. ಒಂದೊಂದು ಲಯಕ್ಕೂ ಒಂದೊಂದು ಸಂದರ್ಭವುಂಟು. ಕಾಸಾ ಎಂಬುದು ಹೊಲದ ಕೆಲಸದ್ದು. ಸಾಲಾಗಿ ಬಾಗಿ ದುಡಿಯುವವರ ದಣಿವು ತಿಳಿಯದಂತೆ ಹೊಲದ ಬದಿಯಲ್ಲಿಯೇ ಅದನ್ನು ನುಡಿಸುತ್ತಾರೆ.

ಆ ನಾಡಿನಲ್ಲಿಯೂ ಹುಟ್ಟಿನ ಕಟ್ಟುಗಳುಂಟು. ಕಮ್ಮಾರರು, ಚರ್ಮದ ಕೆಲಸದವರು, ಜೇಲಿ ಎಂಬ ವಂಶಪಾರಂಪರ್ಯದ ಗಾಯಕರು ಬೇರೆ ಬೇರೆ ಮನೆತನಗಳಾಗಿ ಬದುಕುತ್ತಾರೆ. ಕೋರಾದಂತಹ ತಂತಿವಾದ್ಯ ಜೇಲಿಗಳ ಸೊತ್ತು. ಜೆಂಬೆಗೆ ಮಾತ್ರ ಇಂತಹ ಕುಲದ ಕಟ್ಟಿಲ್ಲ. ಕಲಿಯುವ ಕೈಯಿದ್ದವನು ಯಾವ ಮನೆತನದವನಾದರೂ ಕಲಿಯಬಹುದು. ಹೆಂಗಸರಿಗೆ ಮಾತ್ರ ಸಂಪ್ರದಾಯದಲ್ಲಿ ಅವಕಾಶವಿರಲಿಲ್ಲ, ಇತ್ತೀಚಿನ ದಶಕಗಳಲ್ಲಿ ಅವರ ತಂಡಗಳೂ ಹುಟ್ಟಿಕೊಂಡಿವೆ.

ಊರಿನ ಬಯಲಿನಲ್ಲಿದ್ದ ಈ ವಾದ್ಯ ಲೋಕಕ್ಕೆ ಪರಿಚಯವಾದ ಬಗೆಯನ್ನೂ ತರುಣ ಹೇಳಿದ. ಗಿನಿಯ ಫೊದೆಬಾ ಕೇತಾ ಎಂಬ ಕವಿ ೧೯೫೨ರಲ್ಲಿ ಪ್ಯಾರಿಸ್ಸಿನಲ್ಲಿ ಆಫ್ರಿಕಾದ ಕುಣಿತ ವಾದ್ಯಗಳ ಮೇಳವೊಂದನ್ನು ಕಟ್ಟಿದ. ೧೯೫೮ರಲ್ಲಿ ಗಿನಿ ಸ್ವತಂತ್ರವಾದ ಮೇಲೆ ಅದು ರಾಷ್ಟ್ರದ ಮೇಳವಾಯಿತು. ೧೯೪೦ರಲ್ಲಿ ಹುಟ್ಟಿದ ಫಾಮುದು ಕೊನಾತೆ ಎಂಬ ಹಳ್ಳಿಯ ವಾದಕ ಅದರಲ್ಲಿ ದೀರ್ಘಕಾಲ ಮುಖ್ಯ ಜೆಂಬೆಯವನಾಗಿದ್ದ. ಬಲಂದುಗು ಎಂಬ ಹಳ್ಳಿಯ ಮಾಮಾದಿ ಕೇತಾ ೧೯೬೪ರಲ್ಲಿ, ಹದಿನಾಲ್ಕರ ಹುಡುಗನಾಗಿದ್ದಾಗಲೇ, ಜೋಲಿಬಾ ಎಂಬ ಮತ್ತೊಂದು ರಾಷ್ಟ್ರೀಯ ಮೇಳಕ್ಕೆ ಆಯ್ಕೆಯಾಗಿ, ಮುಂದೆ ೧೯೯೧ರಲ್ಲಿ ಬ್ರಸೆಲ್ಸಿನಲ್ಲಿ ಶಾಲೆ ತೆರೆದು ಪರದೇಶದವರಿಗೂ ಕಲಿಸಿದ. ೨೦೨೧ರಲ್ಲಿ ಆತ ತೀರಿಕೊಂಡಾಗ ಅವನ ಶಿಷ್ಯರು ಹಲವು ಖಂಡಗಳಲ್ಲಿದ್ದರು.

ಹೊರಡುವ ಮುನ್ನ ನಾವು ತರುಣನಿಗೆ ಪಂಡಿತರ ಚಟದಂತೆ ಒಂದು ಪ್ರಶ್ನೆ ಕೇಳಿದೆವು: ಇದನ್ನು ನುಡಿಸುವವನಿಗೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ? "ಜೆಂಬೆಫೊಲಾ" ಎಂದ. ಪದವನ್ನು ಬಿಡಿಸಿ ಹೇಳೆಂದೆವು. ಅವರ ನುಡಿಯಲ್ಲಿ 'ಫೊ' ಎಂದರೆ ಹೇಳು, ಮಾತಾಡು. ವಾದ್ಯಕ್ಕೂ ಅದೇ ಕ್ರಿಯಾಪದ. 'ಲಾ' ಎಂಬುದು ಮಾಡುವವನನ್ನು ಸೂಚಿಸುವ ಪ್ರತ್ಯಯ. ಜೆಂಬೆಯನ್ನು ಮಾತಾಡಿಸುವವನು ಎಂದರ್ಥ. ನಾವು ಒಂದು ಗಳಿಗೆ ಸುಮ್ಮನಾದೆವು. 'ನುಡಿ' ಎಂಬ ಧಾತುವಿಗೆ 'ಇಸು' ಪ್ರತ್ಯಯ ಹತ್ತಿದರೆ 'ನುಡಿಸು', ಅಂದರೆ ನುಡಿಯುವಂತೆ ಮಾಡು. ಎಲ್ಲಿಯ ನೈಜರ್ ನದಿ, ಎಲ್ಲಿಯ ಮಲಪ್ರಭೆ! ಎರಡೂ ದಂಡೆಯ ಜನ ಒಂದೇ ಬಗೆಯಾಗಿ ಯೋಚಿಸಿದ್ದಾರೆ. ಪ್ರೇರಣಾರ್ಥಕ ಕ್ರಿಯೆಗೆ ಈ ಉದಾಹರಣೆಯನ್ನು ನಾವು ತರಗತಿಯಲ್ಲಿ ನೂರು ಸಲವಾದರೂ ಕೊಟ್ಟಿದ್ದೇವೆ.

ಮಗಳ ಮನೆಯಲ್ಲಿ ಉಳಿದ ದಿನಗಳಲ್ಲಿ ಸಂಜೆ ಪೂಜೆಯ ನಂತರ ಮೊಮ್ಮಗನ ಮಗ್ಗುಲಲ್ಲಿ ಕುಳಿತು, ಗುಡಾಣವೊಂದನ್ನು ಬೋರಲಿಟ್ಟು ಅದರ ಮೇಲೆ ಕೆಂಕೆನಿಯ ಸುಲಭ ವರಸೆಯನ್ನು ಹಿಡಿದೆವು. ಅದನ್ನೂ ತಪ್ಪದೆ ಹತ್ತು ನಿಮಿಷ ಸುತ್ತಲು ನಮ್ಮಿಂದಾಗಲಿಲ್ಲ. ಜೀವನವೆಲ್ಲ ವೇದಿಕೆಯ ಮೇಲೆ ಮುಖ್ಯ ವಾದ್ಯವಾಗಿದ್ದವರಿಗೆ ಹಿಮ್ಮೇಳ ಸುಲಭವಲ್ಲ. ಹುಡುಗ ಗದರಲಿಲ್ಲ, ತಪ್ಪಿದಾಗಲೆಲ್ಲ ಮೊದಲಿನಿಂದ ಶುರುಮಾಡಿದ. ಜೆಂಬೆಯ ಜಾಗ ಮತ್ತೆ ಪೂಜಾಕೋಣೆಯ ಗೋಡೆಯ ಪಕ್ಕಕ್ಕೇ ಬಂದಿತು. ನಾವೇ ಎತ್ತಿಡಲು ಹೋದೆವು, ಕಣ್ಣಿಗೆ ಭಾರ ಬೀಳಬಾರದೆಂದು ಮಗಳು ಬಿಡಲಿಲ್ಲ.

ಈ ವರ್ಷ ಜಾತ್ರೆಗೆ ಮಠಕ್ಕೆ ಹೋದಾಗ ಅಂಗಳದ ಮೂಲೆಯಲ್ಲಿ ಹುಲ್ಲಿನ ಬೆಂಕಿಯ ಹೊಗೆ ಕಂಡಿತು. ನಾವು ಬಲ್ಲ ಮುದುಕ ಎಂದೋ ಶಿವಸಾಯುಜ್ಯ ಹೊಂದಿದ್ದ, ಅವನ ಮಗ ಹಲಗೆ ಕಾಯಿಸುತ್ತ ಕುಳಿತಿದ್ದ. ಹತ್ತಿರ ಹೋಗಿ ತಂದೆಯ ಹೆಸರನ್ನೂ ಅವನ ಹೆಸರನ್ನೂ ಕೇಳಿ ತಿಳಿದುಕೊಂಡೆವು. ಎಷ್ಟು ವರ್ಷದಿಂದ ನುಡಿಸುತ್ತಿದ್ದೀರಿ ಎಂದೆವು. ಅವನು ಗಾಬರಿಯಿಂದ ಎದ್ದು ನಿಂತು, "ನಾ ಎಲ್ಲಿ ನುಡಸ್ತೀನ್ರೀ ಅಪ್ಪಾರ, ಬಡೀತೀನ್ರಿ" ಎಂದ. ಆ ಪದವನ್ನು ಅವನ ಬಾಯಿಗೆ ಹಾಕಿದವರು ನಮ್ಮಂತಹವರೇ. ಅಂದು ಪ್ರಸಾದಕ್ಕೆ ಅವನ ಕೈಹಿಡಿದು ಕರೆದುಕೊಂಡು ಹೋಗಿ ಮೊದಲ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿ ಕೂರಿಸಿಕೊಂಡೆವು. ಹಲಗೆಯನ್ನು ಎಲ್ಲಿಡಲಿ ಎಂದು ಅವನು ತಡವರಿಸಿದಾಗ, ಇಬ್ಬರ ನಡುವೆ ಜಾಗ ಮಾಡಿದೆವು.